ಮಗಳ ಸೀರಮ್‌ಗಿಂತ ನಿಮ್ಮ ಟ್ಯೂಬ್ ನನ್ನನ್ನು ಚಿಂತೆಗೆ ಹಚ್ಚಿದೆ

ಓದುಗರ ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ವಯಸ್ಸು 41. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮಗಳಿಗೆ 15, ಹತ್ತನೇ ಕ್ಲಾಸು. ಆರು ತಿಂಗಳಿಂದ ಫೋನ್ ನೋಡಿ ನೋಡಿ ಮುಖಕ್ಕೆ ಏನೇನೋ ತರಿಸುತ್ತಿದ್ದಾಳೆ. ವಿಟಮಿನ್ ಸಿ ಸೀರಮ್, ನಯಾಸಿನಮೈಡ್, ರೆಟಿನಾಲ್, ಕೆಂಪು ಬಣ್ಣದ ಒಂದು ಪೀಲ್, ಸನ್‌ಸ್ಕ್ರೀನ್. ಹೋದ ತಿಂಗಳು 2,600 ರೂಪಾಯಿ ಬಿಲ್ ಆಯಿತು. ಕೇಳಿದರೆ, "ಮಮ್ಮಿ, ಇದು ಮೇಕಪ್ ಅಲ್ಲ, ಪ್ರಿವೆನ್ಷನ್. ಈಗಿಂದನ ಹಚ್ಚಿಕೊಂಡ್ರ ಮುಂದ ಸುಕ್ಕು ಬರಂಗಿಲ್ಲ" ಅನ್ನುತ್ತಾಳೆ. ಅವಳ ಹಣೆ ತುಂಬ ಮೊಡವೆ. ಮೂಗಿನ ಪಕ್ಕ ಸಿಪ್ಪೆ ಏಳುತ್ತಿದೆ. ಕುತ್ತಿಗೆ ಹಿಂದೆ ಕಪ್ಪಾಗಿದೆ, ಅದಕ್ಕೊಂದು ಸ್ಕ್ರಬ್ ಬೇರೆ. ನಮ್ಮ ಅತ್ತೆ ಕಡಲೆ ಹಿಟ್ಟು, ಅರಿಷಿಣ ಸಾಕು ಅನ್ನುತ್ತಾರೆ. ನನಗೆ ಬಂಗು ಇದೆ. ಮೂರು ವರ್ಷದಿಂದ ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಒಂದೇ ಕ್ರೀಮ್ ಹಚ್ಚುತ್ತೇನೆ. ಅಗ್ಗ, ಚೆನ್ನಾಗಿ ಹೊಂದಿಕೊಂಡಿದೆ. ಎರಡು ದಿನ ಬಿಟ್ಟರೆ ಮಾತ್ರ ಮುಖ ಕೆಂಪಾಗಿ ಉರಿಯುತ್ತದೆ. ಮಗಳಿಗೂ ಅದನ್ನೇ ಕೊಡಲೇ? ಈ ಬಾಟಲಿಗಳೆಲ್ಲ ನಿಜವಾಗಿ ಬೇಕಾ?

ಉತ್ತರ: ನೀವು ಕೇಳಿದ್ದು ಮಗಳ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ನಿಮ್ಮ ಬಗ್ಗೆ ಇರುವ ಸಾಲನ್ನು. "ಚೆನ್ನಾಗಿ ಹೊಂದಿಕೊಂಡಿದೆ, ಬಿಟ್ಟರೆ ಮಾತ್ರ ಉರಿಯುತ್ತದೆ." ಬಿಟ್ಟರೆ ಉರಿಯುವ ಕ್ರೀಮ್ ಹೊಂದಿಕೊಂಡಿಲ್ಲ, ಹಿಡಿದುಕೊಂಡಿದೆ. ದಯವಿಟ್ಟು ಅದನ್ನು ಮಗಳಿಗೆ ಕೊಡಬೇಡಿ. ಒಂದು ಸಲವೂ ಬೇಡ. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ಮಗಳ ಬಾಟಲಿಗಳನ್ನು ನೋಡೋಣ.

ಹುಬ್ಬಳ್ಳಿಯ ನನ್ನ ಚರ್ಮದ ಕ್ಲಿನಿಕ್‌ಗೆ ಹತ್ತು ವರ್ಷದ ಹಿಂದೆ ಬರುತ್ತಿದ್ದ ಹುಡುಗಿಯರ ಪ್ರಶ್ನೆ ಒಂದೇ: "ಬೆಳ್ಳಗಾಗಾಕ ಏನರ ಕೊಡ್ರಿ." ಈಗ ಆ ಮಾತು ಕಡಿಮೆಯಾಗಿದೆ. ದೊಡ್ಡ ಕಂಪನಿಯೇ 2020ರಲ್ಲಿ ತನ್ನ ಕ್ರೀಮಿನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಇಟ್ಟಿತು. ಈಗ ಬರುವವರು ಕೇಳುವುದು ಬ್ಯಾರಿಯರ್, ಎಸ್‌ಪಿಎಫ್, ಆಂಟಿ ಏಜಿಂಗ್. ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಮಗಳು ಬಿಳಿ ಬಣ್ಣದ ಹಿಂದೆ ಓಡುತ್ತಿಲ್ಲ, ಚರ್ಮದ ಆರೋಗ್ಯದ ಬಗ್ಗೆ ಯೋಚಿಸುತ್ತಿದ್ದಾಳೆ. ಸನ್‌ಸ್ಕ್ರೀನ್ ತಾನಾಗಿಯೇ ತರಿಸಿದ್ದಾಳೆ. ನಮ್ಮ ಕಾಲದಲ್ಲಿ ಅದರ ಹೆಸರನ್ನೇ ಯಾರೂ ಕೇಳಿರಲಿಲ್ಲ. ಆದರೆ ಮೊದಲು ಕಪ್ಪಿನ ಹೆದರಿಕೆ ಮಾರುತ್ತಿದ್ದವರು ಈಗ ಸುಕ್ಕಿನ ಹೆದರಿಕೆ ಮಾರುತ್ತಿದ್ದಾರೆ, ಅದೂ 15 ವರ್ಷದ ಮಕ್ಕಳಿಗೆ.

ಹೋದ ವರ್ಷ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಇದ್ದ ಒಬ್ಬ ಹುಡುಗಿ ಬಂದಿದ್ದಳು. ಕೈಚೀಲ ತೆಗೆದು ನನ್ನ ಮೇಜಿನ ಮೇಲೆ ಒಂದೊಂದಾಗಿ ಬಾಟಲಿ ಇಟ್ಟಳು. ಒಂಬತ್ತು. ಬೆಳಿಗ್ಗೆ ನಾಲ್ಕು, ರಾತ್ರಿ ಐದು. ಕೆನ್ನೆ ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು, ಬಾಯಿಯ ಎರಡೂ ತುದಿ ಸೀಳಿತ್ತು. ಬರೀ ನೀರು ಹಾಕಿಕೊಂಡರೂ ಚುರುಚುರು ಅನ್ನುತ್ತದೆ ಅಂದಳು. ನಾನು ಏಳು ಬಾಟಲಿ ವಾಪಸ್ ಚೀಲಕ್ಕೆ ಹಾಕಿದೆ. ಉಳಿದದ್ದು ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. "ಔಷಧಿ ಏನೂ ಬರೆದು ಕೊಡಂಗಿಲ್ಲೇನ್ರಿ?" ಅಂತ ಅವರಪ್ಪ ಕೇಳಿದರು, ಸ್ವಲ್ಪ ಬೇಜಾರಿನಿಂದಲೇ. ಆರು ವಾರದಲ್ಲಿ ಉರಿ ಹೋಯಿತು. ಕಪ್ಪು ಕಲೆ ಹೋಗಲು ಮಾತ್ರ ಐದಾರು ತಿಂಗಳು ಬೇಕಾಯಿತು.

ಆ ಕಪ್ಪು ಕಲೆಯೇ ನಮ್ಮ ಚರ್ಮದ ಮುಖ್ಯ ವಿಷಯ. ಫೋನಿನಲ್ಲಿ ಬರುವ ಬಹಳಷ್ಟು ಸಲಹೆ ಬಿಳಿ ಚರ್ಮದವರಿಗೆ ಮಾಡಿದ್ದು. ಅವರಿಗೆ ಉರಿ ಆದರೆ ಕೆಂಪಾಗಿ ಹೋಗುತ್ತದೆ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಬೇಗ ಕೆರಳುತ್ತವೆ. ಮೊಡವೆ ಇರಲಿ, ಆಸಿಡ್ ಸುಟ್ಟದ್ದಿರಲಿ, ಜೋರಾಗಿ ಉಜ್ಜಿದ್ದಿರಲಿ, ಹೋಗುವಾಗ ಕಪ್ಪು ಬಿಟ್ಟು ಹೋಗುತ್ತದೆ. ಹಾಗಾಗಿ ನಮಗೆ ಮುಂಜಾಗ್ರತೆ ಅಂದರೆ ಮೊದಲು ಚರ್ಮವನ್ನು ಕೆರಳಿಸದೆ ಬಿಡುವುದು.

ಚರ್ಮದ ಮೇಲ್ಪದರ ತೆಳು ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಎಣ್ಣೆಯಂಥ ಪದಾರ್ಥ ಗಾರೆ. ಇದಕ್ಕೇ ಈಗಿನ ಮಕ್ಕಳು ಬ್ಯಾರಿಯರ್ ಅನ್ನುವುದು. ಈ ಪದರ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು. ಸಾದಾ ಸಾಬೂನು ಕ್ಷಾರ ಗುಣದ್ದು, ಅದರ ಪಿಎಚ್ 9ರಿಂದ 10. ಅದರ ಮೇಲೆ ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು. ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿಗೆ ಅಂಟುವ ಬಿಳಿ ಪೊರೆ ಚರ್ಮಕ್ಕೂ ಅಂಟುತ್ತದೆ, ಸ್ನಾನ ಆದ ಮೇಲೆ ಮೈ ಬಿಗಿ ಬಿಗಿ ಅನ್ನಿಸುತ್ತದೆ. ಗದಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಚರ್ಮದ ಮೇಲೆ ಆಸಿಡ್, ರೆಟಿನಾಲ್, ಸ್ಕ್ರಬ್ ಮೂರೂ ಹಾಕಿದರೆ ಗಾರೆ ಉಳಿಯುತ್ತದಾ? ಮಗಳ ಮೂಗಿನ ಪಕ್ಕ ಏಳುತ್ತಿರುವ ಸಿಪ್ಪೆ ಅದೇ.

ಈಗ ಒಂದೊಂದೇ ಬಾಟಲಿ. ಕೆಂಪು ಪೀಲ್ ತಕ್ಷಣ ನಿಲ್ಲಿಸಿ, ಅದರಲ್ಲಿ ಚೌಕಾಸಿ ಇಲ್ಲ. ಅಂಥವುಗಳಲ್ಲಿ ಕೆಲವಕ್ಕೆ ಶೇ 30ರಷ್ಟು ಆಸಿಡ್ ಇರುತ್ತದೆ. ನಾವು ಕ್ಲಿನಿಕ್‌ನಲ್ಲಿ ಗಡಿಯಾರ ನೋಡುತ್ತ, ಮುಖದ ಮುಂದೆ ಕೂತು ಮಾಡುವ ಕೆಲಸವನ್ನು ಬಚ್ಚಲುಮನೆಯಲ್ಲಿ 15 ವರ್ಷದ ಹುಡುಗಿ ಮಾಡಬಾರದು. ರೆಟಿನಾಲ್ ಅಂದರೆ ವಿಟಮಿನ್ ಎಯ ಒಂದು ರೂಪ, ಅದು ಕೆಟ್ಟದ್ದಲ್ಲ. ಬಿಸಿಲಿನಿಂದ ಬರುವ ಸುಕ್ಕಿಗೆ ಅದರ ಗುಂಪಿನ ಔಷಧಿಗಳಿಗೆ ಒಳ್ಳೆಯ ಆಧಾರ ಇದೆ. ಆದರೆ ಅವಳಿಗೆ ಸುಕ್ಕು ಎಲ್ಲಿದೆ? ಈ ವಯಸ್ಸಿನ ಚರ್ಮ ತಿಂಗಳಿಗೊಮ್ಮೆ ತಾನೇ ಹೊಸದಾಗುತ್ತದೆ. ಇಪ್ಪತ್ತು ವರ್ಷ ಮೊದಲೇ ಶುರು ಮಾಡಿದರೆ ಇಪ್ಪತ್ತು ವರ್ಷ ಉಳಿಯುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಇದೇನು ಬ್ಯಾಂಕ್ ಡಿಪಾಸಿಟ್ ಅಲ್ಲ. ಮೊಡವೆಗೆ ಅಡಾಪಲೀನ್ ಅನ್ನುವ ಅದೇ ಗುಂಪಿನ ಜೆಲ್ ನಾವು ಈ ವಯಸ್ಸಿಗೂ ಕೊಡುತ್ತೇವೆ, ಆದರೆ ನೋಡಿ, ಅಳೆದು. ನಿಮ್ಮ ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಈ ಗುಂಪಿನ ಯಾವುದನ್ನೂ ಮುಟ್ಟಬಾರದು, ಇದನ್ನು ನೆನಪಿಡಿ. ಅಕ್ಕ-ತಂಗಿಯರು, ಅತ್ತಿಗೆ-ನಾದಿನಿಯರು ಬಾಟಲಿ ಹಂಚಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ.

ವಿಟಮಿನ್ ಸಿ ಹಾನಿ ಇಲ್ಲ, ಅವಳಿಗೆ ಅಗತ್ಯವೂ ಇಲ್ಲ. ಗಾಳಿ, ಬೆಳಕು ತಾಗಿ ಬೇಗ ಕೆಡುತ್ತದೆ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಇದ್ದರೆ ಇರಲಿ, ಶೇ 5ರೊಳಗಿದ್ದರೆ ಸಾಕು. 10 ಅಂತ ದೊಡ್ಡದಾಗಿ ಬರೆದದ್ದು ಎರಡು ಪಟ್ಟು ಕೆಲಸ ಮಾಡುವುದಿಲ್ಲ, ಕೆಲವರಿಗೆ ಉರಿ ಮಾತ್ರ ಜಾಸ್ತಿ. ಸದ್ಯಕ್ಕೆ ಸಿಪ್ಪೆ ನಿಲ್ಲುವವರೆಗೆ ಅದನ್ನೂ ಪಕ್ಕಕ್ಕಿಡಲಿ.

ಉಳಿಯುವುದು ಸನ್‌ಸ್ಕ್ರೀನ್. ಇದೊಂದೇ ನಿಜವಾದ ಅರ್ಥದಲ್ಲಿ 'ಮುಂಚೆಯೇ ತಡೆಯುವ' ವಸ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಯುವಿಬಿ ಕಿರಣದ ಸುಮಾರು ಶೇ 97 ಭಾಗ ತಡೆಯುತ್ತದೆ, 50 ಇರುವುದು ಶೇ 98. ವ್ಯತ್ಯಾಸ ಅಷ್ಟೇ. 50 ಬೇಕೋ 30 ಬೇಕೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಷ್ಟು ಹಚ್ಚುತ್ತೀರಿ ಅನ್ನುವುದು ದೊಡ್ಡದು. ಆ ಅಂಕಿ ಬರೆಯುವ ಮೊದಲು ಪ್ರಯೋಗಶಾಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಿರುತ್ತಾರೆ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಕ್ರೀಮ್ ಮುಖ ಮತ್ತು ಕುತ್ತಿಗೆಗೆ. ಸುಮಾರು ಒಂದು ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಿನ ಸುತ್ತ ಮುಗಿಯಬೇಕು. ನನ್ನ ಹತ್ತಿರ ಬರುವವರು ಹೆಮ್ಮೆಯಿಂದ "ಒಂದು ಟ್ಯೂಬ್ ವರ್ಷ ಬರ್ತದ ಡಾಕ್ಟ್ರ" ಅನ್ನುತ್ತಾರೆ. ಅದು ವಿಭೂತಿ ಹಚ್ಚಿದಷ್ಟೂ ಆಗಲಿಲ್ಲ.

ಡಬ್ಬಿ ಮೇಲೆ ಪಿಎ ಅಂತ ಬರೆದು ಪ್ಲಸ್ ಚಿಹ್ನೆಗಳಿರುತ್ತವೆ, ಮೂರು ಅಥವಾ ನಾಲ್ಕು ಇರುವುದು ತೆಗೆದುಕೊಳ್ಳಿ. ಅದು ಯುವಿಎ ಕಿರಣಕ್ಕೆ. ಈ ಕಿರಣ ಕಿಟಕಿ ಗಾಜನ್ನೂ ದಾಟುತ್ತದೆ. ನೀವು ಹೊಲಿಗೆ ಯಂತ್ರವನ್ನು ಬೆಳಕಿಗಾಗಿ ಕಿಟಕಿ ಪಕ್ಕ ಇಟ್ಟಿರುತ್ತೀರಿ ಅಲ್ವಾ? ಹಾಗಿದ್ದರೆ ಮನೆಯೊಳಗಿದ್ದರೂ ಹಚ್ಚಬೇಕಾದವರು ನೀವು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ. ಅದಕ್ಕೆ ಮೈಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು, ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುವ ತೊಂದರೆಯೂ ಇಲ್ಲ. ದುಬಾರಿ ಅನ್ನಿಸಿದರೆ ಕೊಡೆ, ಸ್ಕಾರ್ಫ್, ತಲೆ ಮೇಲೆ ಸೆರಗು. ಹುಬ್ಬಳ್ಳಿಯಲ್ಲಿ ಸ್ಕೂಟಿ ಓಡಿಸುವ ಹುಡುಗಿಯರು ಕಣ್ಣು ಬಿಟ್ಟು ಮುಖವೆಲ್ಲ ಸುತ್ತಿಕೊಳ್ಳುತ್ತಾರಲ್ಲ, ಅದು ಪುಕ್ಕಟೆ ಸನ್‌ಸ್ಕ್ರೀನ್. ದಿನಾ ಒಗೆದರೆ ಸಾಕು.

ಮಗಳ ಮೊಡವೆ ಹಣೆಯ ಮೇಲೇ ಜಾಸ್ತಿ ಅಂತ ಬರೆದಿದ್ದೀರಿ. ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದು ಶಾಲೆಗೆ ಕಳಿಸುತ್ತೀರಾ? ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುತ್ತದೆ, ಗುಳ್ಳೆ ಏಳುತ್ತವೆ. ರಾತ್ರಿ ಎಣ್ಣೆ ಬೇಡ, ತಲೆ ತೊಳೆಯುವ ಒಂದೆರಡು ತಾಸು ಮುಂಚೆ ಹಚ್ಚಿದರೆ ಸಾಕು. ಸಿಪ್ಪೆ ನಿಂತ ಮೇಲೂ ಮೊಡವೆ ಉಳಿದರೆ ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5ರ ಜೆಲ್ ರಾತ್ರಿ ತೆಳುವಾಗಿ. ಟವೆಲ್, ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ, ಹಳೆಯದು ಬಳಸಿ. ಅದಕ್ಕೂ ಬಗ್ಗದಿದ್ದರೆ, ಗುಂಡಿ ಬೀಳುತ್ತಿದ್ದರೆ, ಕಾಯದೆ ಡಾಕ್ಟರಿಗೆ ತೋರಿಸಿ. ಗುಂಡಿ ಬಿದ್ದ ಮೇಲೆ ತುಂಬುವುದು ಕಷ್ಟ, ಖರ್ಚೂ ಹೆಚ್ಚು.

ಕುತ್ತಿಗೆಯ ಕಪ್ಪನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ನಿಂತೆ. ಮುಟ್ಟಿ ನೋಡಿ. ಮಖಮಲ್ ಹಾಗೆ ದಪ್ಪ, ಮೆತ್ತಗೆ ಇದೆಯಾ? ಕಂಕುಳಲ್ಲೂ ಹಾಗೇ ಇದೆಯಾ? ಇದ್ದರೆ ಅದು ಕೊಳೆ ಅಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಅದರ ಪ್ರಮಾಣ ಹೆಚ್ಚಾಗಿ ಚರ್ಮ ಹೀಗೆ ದಪ್ಪವಾಗುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅಂತ ಚರ್ಮ ಮೊದಲೇ ಕೊಡುವ ಚೀಟಿ ಇದು. ತೂಕ ನೋಡಿ, ಮುಟ್ಟು ಸರಿಯಾಗಿ ಆಗುತ್ತಿದೆಯಾ ಕೇಳಿ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆ ಮಾಡಿಸಿ. ಮನೆಯಲ್ಲಿ ಅಜ್ಜ-ಅಜ್ಜಿಗೆ ಸಕ್ಕರೆ ಇದ್ದರೆ ಇನ್ನೂ ಬೇಗ. ತೂಕ ಇಳಿದರೆ ಕುತ್ತಿಗೆಯೂ ನಿಧಾನವಾಗಿ ತಿಳಿಯಾಗುತ್ತದೆ. ಪ್ರಿವೆನ್ಷನ್ ಬೇಕು ಅನ್ನುವ ಹುಡುಗಿಗೆ ಇದನ್ನು ಹೇಳಿ. ಸ್ಕ್ರಬ್‌ಗೆ ಕೊಟ್ಟ ದುಡ್ಡಿನಲ್ಲಿ ರಕ್ತ ಪರೀಕ್ಷೆಯೇ ಆಗುತ್ತಿತ್ತು.

ಇನ್ನು ನಿಮ್ಮ ಟ್ಯೂಬ್. ನೋಡದೆ ಹೆಸರು ಹೇಳಲಾರೆ, ಆದರೆ ಲಕ್ಷಣ ನೋಡಿದರೆ ಅದರಲ್ಲಿ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಬಲವಾದ ಔಷಧಿ) ಇರುವ ಅನುಮಾನ ಬಲವಾಗಿದೆ. ರಟ್ಟಿನ ಡಬ್ಬಿ ಇದ್ದರೆ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಫ್ಲುಯೊಸಿನೊಲೋನ್, ಇವುಗಳಲ್ಲಿ ಯಾವುದಾದರೂ ಇದೆಯಾ? ಜೊತೆಗೆ ಬಣ್ಣ ತಿಳಿ ಮಾಡುವ ಹೈಡ್ರೊಕ್ವಿನೋನ್, ರೆಟಿನಾಲ್ ಗುಂಪಿನ ಟ್ರೆಟಿನಾಯಿನ್ ಅಂತಲೂ ಇರಬಹುದು. ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದೆಯಾ? ಹಾಗಿದ್ದರೆ ಅದು ಕಾಸ್ಮೆಟಿಕ್ ಅಲ್ಲ, ಔಷಧಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರುತ್ತಾರೆ, ಅದು ಬೇರೆ ಮಾತು.

ಈ ಔಷಧಿ ಕೆಟ್ಟದ್ದು ಅಂತ ತಿಳಿಯಬೇಡಿ. ಬಂಗಿಗೆ ನಾವೂ ಕೆಲವು ವಾರದ ಮಟ್ಟಿಗೆ ಬರೆಯುತ್ತೇವೆ. ತೊಂದರೆ ಇರುವುದು 'ಮೂರು ವರ್ಷ' ಅನ್ನುವುದರಲ್ಲಿ. ಮೊದಲ ತಿಂಗಳು ಮುಖ ಫಳಫಳ ಹೊಳೆಯುತ್ತದೆ, ಓಣಿಯವರೆಲ್ಲ ಏನು ಹಚ್ಚುತ್ತೀ ಅಂತ ಕೇಳುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತ ಹೋಗುತ್ತದೆ. ಕೆನ್ನೆಯಲ್ಲಿ ಕೆಂಪು ನರದಂಥ ಸಣ್ಣ ಗೆರೆ, ಗಲ್ಲದ ಮೇಲೆ ಕೂದಲು, ಈ ವಯಸ್ಸಿನಲ್ಲಿ ಮತ್ತೆ ಮೊಡವೆ. ರಕ್ತನಾಳಗಳು ಆ ಔಷಧಿಗೆ ಒಗ್ಗಿಕೊಂಡು, ಬಿಟ್ಟ ಕೂಡಲೇ ಹಿಗ್ಗಿ ಉರಿಯುತ್ತವೆ. ನೀವು ಮತ್ತೆ ಹಚ್ಚುತ್ತೀರಿ, ತಣ್ಣಗಾಗುತ್ತದೆ. ಚಹಾ ಬಿಟ್ಟವರಿಗೆ ತಲೆ ನೋವು ಬಂದು ಮತ್ತೆ ಚಹಾ ಕುಡಿದ ಹಾಗೆ. ಹೈಡ್ರೊಕ್ವಿನೋನ್ ವರ್ಷಗಟ್ಟಲೆ ಆದರೆ ಕೆಲವರಿಗೆ ಬಂಗಿನ ಜಾಗದಲ್ಲೇ ನೀಲಿಗಪ್ಪು ಕಲೆ ಕೂರುತ್ತದೆ, ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ.

ಹಾಗಾದರೆ ಏನು ಮಾಡಬೇಕು? ನಾಳೆಯೇ ಎಸೆದುಬಿಟ್ಟರೆ ಕೆಲವೇ ದಿನದಲ್ಲಿ ಮುಖ ಉರಿದು ಕೆಂಪಾಗಬಹುದು, ಕೀವು ಗುಳ್ಳೆ ಏಳಬಹುದು. ಹೆಚ್ಚಿನವರು ಆಗ ಹೆದರಿ ವಾಪಸ್ ಅದೇ ಅಂಗಡಿಗೆ ಹೋಗುತ್ತಾರೆ. ಡಾಕ್ಟರ ಕಣ್ಣೆದುರಲ್ಲಿ ಬಿಡುವುದು ಎರಡನೆಯ ದಾರಿ. ಕೆಲವರಿಗೆ ಸೌಮ್ಯ ಕ್ರೀಮ್‌ಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ, ಸ್ಟೀರಾಯ್ಡ್ ಇಲ್ಲದ ಟ್ಯಾಕ್ರೊಲಿಮಸ್ ಮುಲಾಮು ಸೇರಿಸಿ ಬಿಡಿಸುತ್ತೇವೆ. ಕೆಲವರಿಗೆ ಒಮ್ಮೆಲೇ ನಿಲ್ಲಿಸಿ ಉರಿಗೆ ಬೇರೆ ಔಷಧಿ ಕೊಡುತ್ತೇವೆ. ತಿಂಗಳುಗಳು ಹಿಡಿಯುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಬಂಗು ಮೊದಲಿಗಿಂತ ಎದ್ದು ಕಾಣುವ ಒಂದು ಕಾಲ ಬರುತ್ತದೆ, ಆಗಲೇ ಜನ ಕೈಬಿಡುವುದು.

ಬಂಗಿಗೆ ಬೇರೆ ದಾರಿಗಳಿವೆ. ಅಜಿಲೈಕ್ ಆಸಿಡ್ ನಿಧಾನ, ಆದರೆ ಚರ್ಮ ತೆಳು ಮಾಡುವುದಿಲ್ಲ. ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಕೆಲವರಿಗೆ ಒಳ್ಳೆಯ ಫಲ ಕೊಡುತ್ತದೆ, ಆದರೆ ಕಾಲಲ್ಲಿ ಅಥವಾ ಬೇರೆಲ್ಲಾದರೂ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದರೆ ಕೊಡುವುದಿಲ್ಲ. ಯಾರೋ ಹೇಳಿದರು ಅಂತ ತೆಗೆದುಕೊಳ್ಳಬೇಡಿ. ನೀವು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು, ಬಂಗು ಬರಲು ಅದೂ ಒಂದು ಕಾರಣ. ಬಿಸಿಲು, ಬಸಿರು, ಮನೆತನ ಉಳಿದ ಕಾರಣಗಳು. ಬಿಸಿಯೂ ಕೆರಳಿಸುತ್ತದೆ. ದಿನಾ ಹೆಂಚಿನ ಮುಂದೆ ಕೂತು ರೊಟ್ಟಿ ಬಡಿಯುವವರಿಗೆ ನಾನು ಹೇಳುವುದು, ಒಲೆಯಿಂದ ಸ್ವಲ್ಪ ದೂರ, ಕಿಟಕಿ ತೆರೆದು. ರೊಟ್ಟಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ.

ಒಂದು ವೇಳೆ ನಿಮ್ಮ ಕ್ರೀಮಿನ ಡಬ್ಬಿಯ ಮೇಲೆ ಏನೂ ಬರೆದಿಲ್ಲ, ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಯಾವುದೂ ಇಲ್ಲ ಅಂತಾದರೆ ಇನ್ನೂ ಎಚ್ಚರ. ಅಂಥ ಬಿಳುಪಿನ ಕ್ರೀಮ್‌ಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದಿತ್ತು. ಕಾಲು ಬಾತುಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ಚರ್ಮದ ಡಾಕ್ಟರಿಗೆ ಅಲ್ಲ, ಮೊದಲು ಮೂತ್ರ ಪರೀಕ್ಷೆಗೆ ಹೋಗಿ.

ಅತ್ತೆಯವರ ಕಡಲೆ ಹಿಟ್ಟಿನ ಬಗ್ಗೆ. ಅವರದು ಪೂರ್ತಿ ತಪ್ಪಲ್ಲ. ಕಡಲೆ ಹಿಟ್ಟು ಎಣ್ಣೆ ತೆಗೆಯುತ್ತದೆ, ಎಣ್ಣೆ ಚರ್ಮದವರಿಗೆ ನಡೆಯುತ್ತದೆ, ಒಣ ಚರ್ಮಕ್ಕೆ ಬೇಡ. ಅರಿಷಿಣ ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ, ಅಪರೂಪಕ್ಕೆ ಅಲರ್ಜಿ ಆಗುತ್ತದೆ. ಲಿಂಬೆ ರಸ ಮಾತ್ರ ಬೇಡ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟು ಕಪ್ಪಾಗುತ್ತದೆ. ಟೂತ್‌ಪೇಸ್ಟ್, ಸೋಡಾ ಪುಡಿಯೂ ಬೇಡ. ಮನೆಮದ್ದಿಗೆ, ನೈಸರ್ಗಿಕ ಅಂತ ಬರೆದ ಡಬ್ಬಿಗೆ ಸೈಡ್ ಎಫೆಕ್ಟ್ ಇರುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಒಂದೇ: ಕಾಂಗ್ರೆಸ್ ಗಿಡವೂ ನೈಸರ್ಗಿಕವೇ. ಅದರ ಅಲರ್ಜಿಯಿಂದ ಮುಖ, ಕುತ್ತಿಗೆ ದಪ್ಪಗಾಗಿ ತುರಿಸಿಕೊಳ್ಳುತ್ತ ಬರುವ ರೈತರನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಹಾಗೆಯೇ ಅತ್ತೆಯವರ ಹಣೆ ನೋಡಿ. ಟಿಕಳಿ ಅಂಟಿಸುವ ಜಾಗದಲ್ಲಿ ಬಿಳಿ ಮಚ್ಚೆ ಆಗಿದ್ದರೆ ಅದು ಅಂಟಿನ ರಾಸಾಯನಿಕದ ಕೆಲಸ ಇರಬಹುದು, ಟಿಕಳಿ ನಿಲ್ಲಿಸಿ ತೋರಿಸಬೇಕು.

ಹಾಗಾಗಿ ಸದ್ಯಕ್ಕೆ ಮಗಳ ಕಪಾಟಿನಲ್ಲಿ ಮೂರೇ ಇರಲಿ: ಸೌಮ್ಯ ಫೇಸ್‌ವಾಶ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಂದೆ ಹೊಸದು ತರಿಸಿದರೂ ಒಂದು ಸಲಕ್ಕೆ ಒಂದೇ. ಮೊದಲು ಮೊಣಕೈ ಒಳಭಾಗದಲ್ಲಿ ಒಂದು ವಾರ ಹಚ್ಚಿ ನೋಡಲಿ. ಅವಳನ್ನು ಬಯ್ದು ಬಾಟಲಿ ಕಸಿದುಕೊಂಡರೆ ಕದ್ದು ಹಚ್ಚುತ್ತಾಳೆ. ಇಬ್ಬರೂ ಕೂತು ನಿಮ್ಮ ಟ್ಯೂಬಿನ ಸಣ್ಣ ಅಕ್ಷರ ಓದಿ. ಲೇಬಲ್ ಓದುವುದು ನಿಮಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ.

ಹುಬ್ಬಳ್ಳಿವರೆಗೆ ಬರಬೇಕಾಗಿಲ್ಲ. ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ನಲ್ಲೇ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಹೋಗುವಾಗ ಟ್ಯೂಬ್, ರಟ್ಟಿನ ಡಬ್ಬಿ ಎರಡನ್ನೂ ಒಯ್ಯಿರಿ. ಪೌಡರ್ ಹಚ್ಚದೆ, ಬರೀ ನೀರಿನಲ್ಲಿ ಮುಖ ತೊಳೆದುಕೊಂಡು ಹೋಗಿ. ಅಲ್ಲಿಯವರೆಗೆ ಟ್ಯೂಬನ್ನು ತಾವಾಗಿ ನಿಲ್ಲಿಸಬೇಡಿ, ಹೆಚ್ಚೂ ಮಾಡಬೇಡಿ. ಈ ವಾರವೇ ಹೋಗಿ.